ಗೋಡೆ ಪಕ್ಕದ ಒದ್ದೆ ನೆಲ

ಆ ದಿನ ಹುಳುಗಳು ಮೂರನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳು ಪೊರೆ ಕಳಚುವ ಮೊದಲು ಸೊಪ್ಪು ಮುಟ್ಟದೆ, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತೇವೆ. ಜ್ವರದಿಂದ ಎದ್ದ ಹುಳುವಿಗೆ ಹಸಿವು ಜಾಸ್ತಿ. ಬೆಳಿಗ್ಗೆಯಿಂದ ನಾನೂ ನನ್ನ ಹೆಂಡತಿಯೂ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹುಳು ಸಾಕುವ ಬಿದಿರು ತಟ್ಟೆಗಳಿಗೆ ಹಾಕುತ್ತಿದ್ದೆವು. ಅವಳು ಸಾಕಿದ ಕಂದು ಬಣ್ಣದ ಹೆಣ್ಣು ನಾಯಿ ತೋಟಕ್ಕೂ ಮನೆಗೂ ಅವಳ ಹಿಂದೆಯೇ ಓಡಾಡುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಬಾಗಿಲಲ್ಲಿ ನಿಂತು ಚಪ್ಪಲಿ ಕಳಚಲು ಒದ್ದಾಡಿದಳು.

"ಈ ಚಪ್ಪಲಿ ಕಿರಿದಾಗೋಗಿದೆ ನೋಡ್ರೀ."

"ಚಪ್ಪಲಿ ಎಲ್ಲಾದ್ರೂ ಕಿರಿದಾಗುತ್ತಾ? ಕೂತು ತಿಂದು ನಿನ್ನ ಕಾಲೇ ದಪ್ಪ ಆಗಿರಬೇಕು."

"ಹೂಂ, ಕೂತು ತಿನ್ನೋಳು ನಾನು. ನಿಮ್ಮ ಹುಳ ಸೊಪ್ಪು ಅದೇ ಹಾಕ್ಕೊಂಡು ತಿನ್ನುತ್ತಲ್ಲ" ಎಂದು ನಕ್ಕಳು. ಪಾದದ ಮೇಲೆ ಪಟ್ಟಿಯ ಗುರುತು ಬೆರಳಿನಷ್ಟು ಆಳ ಬಿದ್ದಿತ್ತು. ಇಬ್ಬರೂ ಅದನ್ನು ನೋಡಿದೆವು. ಊಟ ಮಾಡಿ ಮತ್ತೆ ಸೊಪ್ಪಿಗೆ ಹೋದೆವು.

ಅದು ಮೂತ್ರಪಿಂಡದ ಕಾಯಿಲೆ ಎಂದು ಬೆಂಗಳೂರಿನಲ್ಲಿ ಹೇಳಿದರು. ಮೈಯ ನೀರು ಹೊರಗೆ ಹೋಗುತ್ತಿಲ್ಲ, ಆದ್ದರಿಂದ ದಿನಕ್ಕೆ ಇಷ್ಟೇ ನೀರು ಕೊಡಬೇಕು ಎಂದು ಅಲ್ಲಿನ ಡಾಕ್ಟರು ಅಳತೆ ತೋರಿಸಿದರು. ನಾನು ಸ್ಟೀಲ್ ಲೋಟದ ಒಳಗೆ ಮೊಳೆಯಿಂದ ಗೀರು ಹಾಕಿಕೊಂಡೆ. ನಡುಮನೆಯ ಗೋಡೆ ಪಕ್ಕ ಅವಳ ಹಾಸಿಗೆ ಇತ್ತು. ನಾಲ್ಕು ತಿಂಗಳು ಆ ಗೀರಿಗೆ ಸರಿಯಾಗಿ ನೀರು ಕೊಟ್ಟೆ. ಕೊನೆಯ ದಿನ ಅವಳು, "ಒಂದು ಗುಟುಕು ಕೊಡ್ರೀ, ಒಂದೇ ಒಂದು" ಎಂದಳು. ಆವತ್ತಿನ ಅಳತೆ ಮುಗಿದಿತ್ತು. ನಾನು ಕೊಡಲಿಲ್ಲ.

ನಾನು ಓದಿದ್ದು ಏಳನೇ ತರಗತಿ. ಇದನ್ನು ಬರೆಯುತ್ತಿರುವುದು ಅದಾದ ಮೇಲೆ ಮಾಡಿದ ಒಂದು ರೇಷ್ಮೆ ಬೆಳೆಯ ಬಗ್ಗೆ, ಅದೇ ಬೆಳೆಯ ಜೊತೆಜೊತೆಗೆ ನಾಯಿಯ ವಿಷಯದಲ್ಲಿ ಮಾಡಿದ ತಪ್ಪುಗಳ ಬಗ್ಗೆ. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು.

ತಿಥಿ ಮುಗಿದ ಮೇಲೆ ನನ್ನ ಅಕ್ಕ ಮಂಚೇನಹಳ್ಳಿಯ ತನ್ನ ಮನೆಗೆ ವಾಪಸು ಹೋಗದೆ ನನ್ನ ಜೊತೆ ಉಳಿದಳು. ಒಂದು ಬೆಳೆ ಎತ್ತಿಕೊಟ್ಟು ಹೋಗುತ್ತೇನೆ ಎಂದಳು. ಹಾಸಿಗೆ ತೆಗೆದು ನೆಲ ಸಾರಿಸಿದ ಮೂರನೇ ಬೆಳಿಗ್ಗೆ ಗೋಡೆ ಪಕ್ಕದ ನೆಲ ಒದ್ದೆಯಾಗಿತ್ತು. ಒಂದು ಮೊರದಷ್ಟು ಅಗಲ. ಮೇಲೆ ನೋಡಿದೆ, ಹೆಂಚು ಸರಿಯಾಗಿತ್ತು, ಮಳೆಯೂ ಬಂದಿರಲಿಲ್ಲ. ಒರೆಸಿದೆ. ಮಾರನೇ ಬೆಳಿಗ್ಗೆ ಮತ್ತೆ ಅಲ್ಲೇ ಒದ್ದೆ.

ಅಕ್ಕ ನೆಲವನ್ನೂ ನನ್ನನ್ನೂ ನೋಡಿದಳು. "ಅವಳಿಗೆ ದಾಹ ತೀರಿಲ್ಲ ಕಣೋ" ಎಂದಳು.

ಆವತ್ತು ಸಂಜೆ ಅಕ್ಕ ಒಂದು ಅಗಲ ಬಾಯಿಯ ಚೊಂಬಿನಲ್ಲಿ ನೀರು ತುಂಬಿ ಆ ಜಾಗದಲ್ಲಿ ಇಟ್ಟಳು. ಬೆಳಿಗ್ಗೆ ಚೊಂಬು ಅರ್ಧ ಖಾಲಿ, ನೆಲ ಒದ್ದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಕುಡಿದಿದ್ದಾಳೆ ನೋಡು. ಕುಡಿದಿದ್ದಾಳಪ್ಪ." ಮರುದಿನದಿಂದ ನಾನೇ ಚೊಂಬು ತುಂಬಿ ಇಡಲು ಶುರುಮಾಡಿದೆ. ಗೀರಿಲ್ಲದ ಚೊಂಬು, ಕಂಠದವರೆಗೆ. ಬೆಳಿಗ್ಗೆ ಎದ್ದು ನೆಲ ಮುಟ್ಟಿ ನೋಡುತ್ತಿದ್ದೆ. ಒದ್ದೆ ಇದ್ದರೆ ಹೆದರಿಕೆ ಆಗುತ್ತಿತ್ತು. ಒದ್ದೆ ಇರದಿದ್ದರೆ ಇನ್ನೂ ಹೆದರಿಕೆ ಆಗುತ್ತಿತ್ತೇನೋ, ಆದರೆ ಅಂಥ ಬೆಳಿಗ್ಗೆ ಬರಲಿಲ್ಲ. ಹುಳು ಸಾಕುವ ಮನೆಯಲ್ಲಿ ಫಾರ್ಮಲಿನ್, ಸುಣ್ಣ, ಸೊಪ್ಪು, ಸಗಣಿ ಎಲ್ಲದರ ವಾಸನೆ ಬೆರೆತಿರುತ್ತದೆ. ಮೂಗಿಗೆ ಬೇರೇನೂ ತಿಳಿಯಲಿಲ್ಲ.

ಹೊಸ ಬೆಳೆಗೆ ಚಾಕಿ ಹುಳು, ಅಂದರೆ ಆಗಷ್ಟೇ ಮೊಟ್ಟೆಯೊಡೆದ ಮರಿ ಹುಳು, ತಂದು ಎರಡು ದಿನವಾಗಿತ್ತು. ಒಂದು ಮಧ್ಯಾಹ್ನ ಸೊಪ್ಪು ಹಾಕಿ ನಡುಮನೆಗೆ ಬಂದೆ. ನಾಯಿ ಗೋಡೆ ಪಕ್ಕ, ಅವಳು ಮಲಗುತ್ತಿದ್ದ ಜಾಗದಲ್ಲೇ ಮುದುಡಿಕೊಂಡು ಗಾಢವಾಗಿ ನಿದ್ದೆ ಮಾಡುತ್ತಿತ್ತು. ಅದರ ಹಿಂಗಾಲಿನ ಕೆಳಗಿನಿಂದ ಒದ್ದೆ ಮೆಲ್ಲಗೆ ಹರಡುತ್ತಿತ್ತು. ನಾಯಿಗೆ ಎಚ್ಚರವೇ ಇರಲಿಲ್ಲ. ಆಮೇಲೆ ಎದ್ದು, ತನ್ನ ಕೆಳಗಿನ ನೆಲ ಮೂಸಿ, ಬಾಲ ಮಡಚಿಕೊಂಡು ನನ್ನ ಮುಖ ನೋಡಿತು. ಚೊಂಬಿನ ಹತ್ತಿರ ಹೋಗಿ ನಾಲ್ಕು ಬಾರಿ ನಾಲಿಗೆ ಹಾಕಿ ನೀರು ಕುಡಿದು ಹೊರಗೆ ಹೋಯಿತು.

ಇಷ್ಟು ದಿನ ಬಂದು ಹೋಗುತ್ತಿದ್ದವಳು ಅವಳಲ್ಲ ಎನ್ನುವುದು ಗೊತ್ತಾದ ಆ ಗಳಿಗೆ, ಅವಳು ಎರಡನೇ ಸಲ ಹೋದ ಹಾಗಾಯಿತು.

ಅಕ್ಕನಿಗೆ ಹೇಳಿದೆ. ಅವಳಿಗೆ ನಾಚಿಕೆ, ಆಮೇಲೆ ಸಿಟ್ಟು. "ಥೂ, ಈ ಮುಂಡೇದಕ್ಕೆ ನಾನು ದಿನಾ ಕೈ ಮುಗೀತಿದ್ನಾ! ಹೊರಗಡೆ ಅಟ್ಟು ಅದನ್ನ. ಹುಳ ಸಾಕೋ ಮನೇಲಿ ನಾಯಿ ಉಚ್ಚೆ ಅಂದ್ರೆ ಬೆಳೆ ಉಳಿಯುತ್ತಾ? ಹಾಲುತೊಂಡೆ ಬಂದು ತಟ್ಟೆ ತಟ್ಟೆನೇ ತಿಪ್ಪೆಗೆ ಸುರೀಬೇಕಾಗುತ್ತೆ."

ಹಾಲುತೊಂಡೆ ಎಂದರೆ ಹುಳು ಊದಿ, ಒಡೆದು, ಬಿಳಿ ನೀರು ಸುರಿಸಿ ಸಾಯುವ ರೋಗ. ಅಕ್ಕನ ಭಯ ಸುಳ್ಳಲ್ಲ. ನಮ್ಮ ಕಸುಬಿನಲ್ಲಿ ಒದ್ದೆ ಎಂದರೆ ರೋಗ. ನಾಯಿಯನ್ನು ಎರಡು ಸಲ ಹೊರಗೆ ಕಟ್ಟಿದೆ. ಎರಡು ಸಲವೂ ಹಗ್ಗ ಕಡಿದುಕೊಂಡು ಬಂದು ಗೋಡೆ ಪಕ್ಕ ಮಲಗಿತು.

ಆಮೇಲೆ ನಾನು ಒಂದು ಉಪಾಯ ಮಾಡಿದೆ. ಹುಳು ಜ್ವರಕ್ಕೆ ಕೂತಾಗ ತಟ್ಟೆಯ ಪಸೆ ಹೀರಿಕೊಳ್ಳಲಿ ಎಂದು ಸುಣ್ಣದ ಪುಡಿ ಉದುರಿಸುತ್ತೇವೆ. ಅದನ್ನೇ ಇಲ್ಲೂ ಮಾಡಿದೆ. ಗೋಣಿಚೀಲ ಮಡಿಸಿ ಹಾಸಿ, ಮೇಲೆ ಚೆನ್ನಾಗಿ ಸುಣ್ಣದ ಪುಡಿ ಉದುರಿಸಿ, ನಾಯಿಯನ್ನು ಅದರ ಮೇಲೆ ಮಲಗಿಸಿದೆ. ನೆಲ ನಿಜವಾಗಿ ಒಣಗಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ನಾಲ್ಕನೇ ದಿನಕ್ಕೆ ನಾಯಿ ಕುಂಟುತ್ತಾ ಬಂದಿತು. ತೊಡೆಯ ಸಂದಿಯ ಕೂದಲು ಉದುರಿ, ಚರ್ಮ ಸುಲಿದ ಹಾಗೆ ಕೆಂಪಾಗಿ ನೀರು ಜಿನುಗುತ್ತಿತ್ತು. ಹುಳು ಒಣ ಸುಣ್ಣದ ಮೇಲೆ ಕೂರುತ್ತದೆ; ನಾಯಿ ಒದ್ದೆಯಾದ ಸುಣ್ಣದ ಮೇಲೆ ಮಲಗಿತ್ತು. ಅಷ್ಟು ಚಿಕ್ಕ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಸವರಿದೆ. ನಾಯಿ ನನ್ನನ್ನು ಕಚ್ಚಲಿಲ್ಲ.

ಎರಡನೇ ಜ್ವರಕ್ಕೆ ಹುಳು ಕೂತಾಗ ಅಕ್ಕ ಕೊನೆಯ ಮಾತು ಹೇಳಿದಳು. "ನಾಲ್ಕನೇ ಜ್ವರ ಏಳೋದ್ರೊಳಗೆ ಇದಕ್ಕೆ ಒಂದು ದಾರಿ ಮಾಡು. ಆಮೇಲೆ ಸೊಪ್ಪು ಹಾಕಕ್ಕೇ ಕೈ ಸಾಲಲ್ಲ, ಇದರ ಚಾಕರಿ ಯಾರು ಮಾಡ್ತಾರೆ? ನಿನ್ನ ಕೈಲಾಗದಿದ್ರೆ ನಿಮ್ಮ ಭಾವನಿಗೆ ಹೇಳಿ ಕಳಿಸ್ತೀನಿ. ಗೋಣೀಲಿ ಹಾಕ್ಕೊಂಡೋಗಿ ಗೌರಿಬಿದನೂರಿಂದ ಆಚೆ ಬಿಟ್ಟು ಬರ್ತಾರೆ."

"ಅದು ಅವಳ ನಾಯಿ ಅಕ್ಕ."

"ಗೊತ್ತಪ್ಪ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ." ಅವಳೇ ಒಂದು ದಾರಿಯನ್ನೂ ಹೇಳಿದಳು. "ನೀರು ಕಮ್ಮಿ ಹಾಕಿ ನೋಡು. ಕುಡಿಯೋದು ಕಮ್ಮಿ ಆದ್ರೆ ಹೋಗೋದೂ ಕಮ್ಮಿ ಆಗುತ್ತೆ."

ಮಾತು ಸರಿ ಎನ್ನಿಸಿತು. ಚೊಂಬು ತೆಗೆದೆ. ಗೀರು ಹಾಕಿದ್ದ ಲೋಟ ಅಡುಗೆಮನೆಯ ಗೂಡಿನಲ್ಲಿ ಇತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರಲ್ಲಿ ಅಳೆದು ನಾಯಿಯ ಬಟ್ಟಲಿಗೆ ಹಾಕಿದೆ. ಕೈಗೆ ಅಭ್ಯಾಸವಿತ್ತು. ನಾಯಿ ಬಟ್ಟಲು ನೆಕ್ಕಿ, ಖಾಲಿಯಾದ ಮೇಲೂ ನೆಕ್ಕಿ, ನನ್ನ ಹಿಂದೆ ಹಿಂದೆ ಬರುತ್ತಿತ್ತು. ನಾನು ತಿರುಗಿ ನೋಡದೆ ಹುಳು ಮನೆಗೆ ಹೋಗುತ್ತಿದ್ದೆ.

ಮೂರನೇ ದಿನ ಮಧ್ಯಾಹ್ನ ಸೊಪ್ಪಿನ ಕುಕ್ಕೆ ಹೊತ್ತು ತೋಟದಿಂದ ಬಂದೆ. ಹುಳು ಮನೆಯ ಬಾಗಿಲಲ್ಲಿ ಒಂದು ಅಗಲವಾದ ತಟ್ಟೆ ಇಟ್ಟಿರುತ್ತೇವೆ. ಅದರಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಒಳಗೆ ಹೋಗುವವರು ಅದರಲ್ಲಿ ಕಾಲು ಅದ್ದಿಕೊಂಡು ಹೋಗಬೇಕು. ನಾಯಿ ಆ ತಟ್ಟೆಗೆ ಬಾಯಿ ಹಾಕಿ ಕುಡಿಯುತ್ತಿತ್ತು. ಮೂಗು ಸುಟ್ಟರೆ ತಲೆ ಕೊಡವುತ್ತಿತ್ತು, ಮತ್ತೆ ಬಾಯಿ ಹಾಕುತ್ತಿತ್ತು.

ಕುಕ್ಕೆ ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ. ತಟ್ಟೆಯನ್ನು ಕಾಲಿನಿಂದ ಒದ್ದು ಉರುಳಿಸಿದೆ. ನಾಯಿಯ ಬಾಯಿ ಹಿಡಿದು ಬಕೆಟ್ ನೀರಿನಲ್ಲಿ ತೊಳೆದೆ. ಜೊಲ್ಲು ನೊರೆ ನೊರೆಯಾಗಿ ಸುರಿಯಿತು. ಆಮೇಲೆ ಬಕೆಟ್ಟನ್ನೇ ಅದರ ಮುಂದೆ ಇಟ್ಟೆ. ಅದು ಕುಡಿಯಿತು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿ ಮತ್ತೆ ಕುಡಿಯಿತು. ನಾನು ಪಕ್ಕದಲ್ಲಿ ಕುಳಿತು ಅದು ಕುಡಿಯುವ ಸದ್ದು ಕೇಳುತ್ತಿದ್ದೆ. ಆ ಸದ್ದು ಈಗಲೂ ಕೆಲವು ಸಲ, ನೀರೇ ಇಲ್ಲದ ಕಡೆ, ನನಗೆ ಕೇಳಿಸುತ್ತದೆ.

ಒಳಗೆ ಹುಳುಗಳಿಗೆ ಸೊಪ್ಪಿನ ಹೊತ್ತು ಮೀರುತ್ತಿತ್ತು. ಅಕ್ಕ ಬಂದು ನೋಡಿದಳು, ಚೆಲ್ಲಿದ್ದ ಸೊಪ್ಪು ಆರಿಸಿಕೊಂಡು ಒಳಗೆ ಹೋದಳು. ಇನ್ನು ಮೇಲೆ ಈ ಮನೆಯಲ್ಲಿ ಯಾರಿಗೂ ನೀರು ಅಳೆದು ಹಾಕುವುದಿಲ್ಲ ಎಂದು ಆಗ ತೀರ್ಮಾನ ಮಾಡಿದೆ. ನೆಲ ಒದ್ದೆಯಾದರೆ ಆಗಲಿ. ಲೋಟವನ್ನು ಪಾತ್ರೆ ವ್ಯಾಪಾರದವನಿಗೆ ಹಾಕಿಬಿಟ್ಟೆ.

ಮಾರನೇ ಬೆಳಿಗ್ಗೆ ನಾಯಿಯನ್ನು ಸೊಪ್ಪಿನ ಕುಕ್ಕೆಯಲ್ಲಿ ಕೂರಿಸಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ ಶಿಡ್ಲಘಟ್ಟದ ಪಶು ಆಸ್ಪತ್ರೆಗೆ ಹೋದೆ. ಅಂಗಳದಲ್ಲಿ ಹಸು ಎಮ್ಮೆಗಳ ಸಾಲು. ಕಾಂಪೌಂಡರು ಕುಕ್ಕೆ ನೋಡಿ, "ಏಮಪ್ಪಾ, ಇದು ರೇಷ್ಮೆ ಗೂಡಾ? ಗೂಡಿನ ಮಾರ್ಕೆಟ್ ಆ ಕಡೆ" ಎಂದರು. ಎಲ್ಲರೂ ನಕ್ಕರು. ನಾಯಿ ಕುಕ್ಕೆಯಿಂದ ತಲೆ ಹೊರಗೆ ಹಾಕಿತು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಮೊದಲು ತೊಡೆಯ ಗಾಯ ನೋಡಿದರು. ಸುಣ್ಣದ ವಿಷಯ ಹೇಳಿದೆ. ಅವರು ಬಯ್ಯಲಿಲ್ಲ. ಹೊಟ್ಟೆಯನ್ನು ಎರಡು ಕೈಯಿಂದ ಒತ್ತಿ ಒತ್ತಿ ನೋಡಿ, ಕಲ್ಲು ಕೈಗೆ ಸಿಗುತ್ತಿಲ್ಲ, ಉಚ್ಚೆಯ ಚೀಲ ಬಿಗಿದುಕೊಂಡಿಲ್ಲ ಎಂದರು. ಆಮೇಲೆ ಪ್ರಶ್ನೆ ಕೇಳಿದರು. ನಡೆಯುವಾಗ ಸುರಿಯುತ್ತಾ, ಮಲಗಿದಾಗಲಾ? ಹೋಗಕ್ಕೆ ತಿಣುಕುತ್ತಾ? ಪದೇ ಪದೇ ಕೂತು ಚೂರು ಚೂರು ಹೋಗುತ್ತಾ? ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತಾ? ಮಲಗಿದ್ದಾಗ ಒಂದು ಸಲ ನೋಡಿದ್ದೇನೆ, ಉಳಿದದ್ದನ್ನು ಗಮನಿಸಿಲ್ಲ ಎಂದೆ.

"ಹುಳ ಸಾಕ್ತೀಯಲ್ಲ, ಪುಸ್ತಕ ಬರೀತೀಯ ತಾನೆ?"

"ಬರೀತೀನಿ ಸಾರ್. ಶಾಖ, ತೇವ, ಸೊಪ್ಪು ಹಾಕಿದ ಹೊತ್ತು."

"ಇದಕ್ಕೂ ಹಾಗೇ ಬರಿ. ಮೂರು ದಿನ. ಎಷ್ಟು ಕುಡೀತು, ಯಾವಾಗ ಹೊರಗೆ ಹೋಯ್ತು, ಯಾವಾಗ ಒದ್ದೆ ಆಯ್ತು, ಆಗ ಎಚ್ಚರ ಇತ್ತಾ ಇಲ್ವಾ. ನೀರು ಎಷ್ಟು ಹೋಗುತ್ತೆ ಅಂತ ನೋಡ್ಕೊ, ಆದ್ರೆ ತಡೀಬೇಡ. ಬರೋವಾಗ ಬೆಳಗಿನ ಉಚ್ಚೆ ಒಂದು ಸೀಸೇಲಿ ಹಿಡ್ಕೊಂಡು ಬಾ."

"ನಾಯಿ ಉಚ್ಚೆ ಹೆಂಗೆ ಸಾರ್ ಹಿಡಿಯೋದು?"

ಕಾಂಪೌಂಡರು ಹಿಂದಿನಿಂದ, "ಸೌಟಲ್ಲಿ ಹಿಡಿಯಪ್ಪ. ಆಮೇಲೆ ಸಾರಿಗೆ ಹಾಕ್ಬೇಡ ಅಷ್ಟೆ" ಎಂದರು.

ತುಂಬಿಸಿಟ್ಟ ಬಕೆಟ್ಟಿನಲ್ಲಿ ಎಷ್ಟು ಇಳಿಯಿತು ಎಂದು ದಿನಕ್ಕೊಮ್ಮೆ ನೋಡಿದರೆ ಸಾಕಾಗಿತ್ತು. ಹುಳುವಿನ ಪುಸ್ತಕದ ಹಿಂದಿನ ಪುಟಗಳಲ್ಲಿ ಗೆರೆ ಹಾಕಿ ಬರೆದೆ. ಮೂರು ದಿನ ಬರೆದ ಮೇಲೆ ನೋಡಿದರೆ, ಎಚ್ಚರ ಇದ್ದಾಗ ಒಂದೇ ಒಂದು ಸಲವೂ ಒದ್ದೆ ಇಲ್ಲ. ಹೊರಗೆ ಬಿಟ್ಟರೆ ಎಲ್ಲ ನಾಯಿಗಳ ಹಾಗೆ ಕೂತು, ಧಾರೆಯಾಗಿ ಮಾಡಿ, ಬರುತ್ತಿತ್ತು. ಒದ್ದೆ ಆದದ್ದೆಲ್ಲ ನಿದ್ದೆಯಲ್ಲಿ. ನಿದ್ದೆ ಎಷ್ಟು ಗಾಢವೋ ಒದ್ದೆ ಅಷ್ಟು ಅಗಲ. ಅದನ್ನು ಎಷ್ಟು ಸಲ ಬೈದಿದ್ದೆವು, ಅಕ್ಕ ಒಂದು ಸಲ ಪೊರಕೆಯಲ್ಲಿ ಹೊಡೆದಿದ್ದಳು. ಬರೆದ ಪುಟವನ್ನು ಅಕ್ಕನಿಗೆ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ. ಓದಿ ಹೇಳಿದೆ. "ಹಂಗಾದ್ರೆ ಅದಕ್ಕೇ ಗೊತ್ತಿಲ್ವೇನೋ" ಎಂದಳು.

ನಾಲ್ಕನೇ ದಿನ ಸೀಸೆ ಹಿಡಿದು ಆಸ್ಪತ್ರೆಗೆ ಹೋದೆ. ಡಾಕ್ಟರು ನೀಲಿ ದ್ರಾವಣದಲ್ಲಿ ಕೆಲವು ಹನಿ ಹಾಕಿ ಕಾಯಿಸಿದರು. ಬಣ್ಣ ತಿರುಗಲಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ಆಮೇಲೆ ಇನ್ನೊಂದು ಗಾಜಿನ ನಳಿಕೆಗೆ ಬರೀ ಉಚ್ಚೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಈ ಪರೀಕ್ಷೆ ನನಗೆ ಗೊತ್ತಿತ್ತು. ಮೊದಮೊದಲು ಶಿಡ್ಲಘಟ್ಟದ ಒಂದು ಲ್ಯಾಬಿನಲ್ಲಿ ನನ್ನ ಹೆಂಡತಿಯದನ್ನೂ ಹೀಗೇ ಕಾಯಿಸಿದ್ದರು. ಆವತ್ತು ನಳಿಕೆಯ ಮೇಲ್ಭಾಗ ನನ್ನ ಕಣ್ಣೆದುರಿಗೇ ಹಾಲು ಒಡೆದ ಹಾಗೆ ಬೆಳ್ಳಗಾಗಿತ್ತು. ಲ್ಯಾಬಿನವರು ನಳಿಕೆಯನ್ನು ನೀರಿನಡಿ ತೊಳೆದಿದ್ದರು.

ಈ ನಳಿಕೆಯಲ್ಲೂ ಗುಳ್ಳೆ ಎದ್ದವು. ಡಾಕ್ಟರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿಳಿಯಾಗಿಯೇ ಇತ್ತು.

"ಮೂತ್ರಪಿಂಡ ಚೆನ್ನಾಗಿದೆ. ಈ ನಾಯಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿದ್ಯಾ?"

ಆಗಿತ್ತು. ಎರಡು ವರ್ಷದ ಹಿಂದೆ, ನಾಯಿ ಬೆದೆಗೆ ಬಂದಾಗ ಊರಿನ ಗಂಡು ನಾಯಿಗಳೆಲ್ಲ ಹುಳು ಮನೆಗೆ ನುಗ್ಗಿ ಎರಡು ತಟ್ಟೆ ಬೀಳಿಸಿದ್ದವು. ಆಮೇಲೆ ಅವಳೇ ಹಟ ಹಿಡಿದು ಮಾಡಿಸಿದ್ದಳು.

ಡಾಕ್ಟರು ಒಂದು ಕಾಗದದ ಮೇಲೆ ಚೀಲದ ಚಿತ್ರ ಬರೆದರು. ಚೀಲದ ಬಾಯಿಯಲ್ಲಿ ಒಂದು ಬಿಗಿ ಇರುತ್ತದೆ. ಅಂಡಾಶಯ ತೆಗೆದ ಕೆಲವು ಹೆಣ್ಣು ನಾಯಿಗಳಲ್ಲಿ, ತಿಂಗಳುಗಳೋ ವರ್ಷಗಳೋ ಆದ ಮೇಲೆ, ಆ ಬಿಗಿ ಸಡಿಲವಾಗುತ್ತದೆ. ಎಚ್ಚರ ಇದ್ದಾಗ ತಡೆಯುತ್ತದೆ, ನಿದ್ದೆಯಲ್ಲಿ ಬಿಟ್ಟುಹೋಗುತ್ತದೆ. ಅದು ನಾಯಿಯ ಮೊಂಡುತನವಲ್ಲ, ಹೊಡೆದರೆ ಹೋಗುವುದೂ ಇಲ್ಲ. "ನೀರು ನಿಲ್ಲಿಸಿದ್ರೆ ಉಚ್ಚೆ ಗಟ್ಟಿಯಾಗಿ ಉರಿ ಜಾಸ್ತಿ, ಸೋಂಕು ಬೇಗ" ಎಂದರು.

ನಾನು ಕೇಳಬಾರದೆಂದುಕೊಂಡಿದ್ದು ಕೇಳಿಬಿಟ್ಟೆ. "ಹಾಗಾದ್ರೆ ನೀರು ಅಳೆದು ಕೊಟ್ಟಿದ್ದು ತಪ್ಪಾ ಸಾರ್?"

"ತಪ್ಪೇ."

"ಮನುಷ್ಯರಿಗೆ ಸಾರ್? ಮೂತ್ರಪಿಂಡ ಹೋದೋರಿಗೆ?"

ಅವರು ತಲೆ ಎತ್ತಿ ನೋಡಿದರು. ಹೆಂಡತಿಯ ತಿಥಿಗೆ ಬೋಳಿಸಿದ್ದ ನನ್ನ ತಲೆಯ ಕೂದಲು ಇನ್ನೂ ಸರಿಯಾಗಿ ಬೆಳೆದಿರಲಿಲ್ಲ. "ಅದು ಬೇರೆ ಕಾಯಿಲೆ ಕಣಪ್ಪ. ಅಲ್ಲಿ ಅಳೆದೇ ಕೊಡಬೇಕು. ಕೊಟ್ಟೋರು ಸರಿ ಮಾಡಿದಾರೆ."

ಮಾತ್ರೆ ಶಿಡ್ಲಘಟ್ಟದಲ್ಲಿ ಸಿಗಲಿಲ್ಲ. ಚೀಟಿ ಹಿಡಿದು ಚಿಂತಾಮಣಿಗೆ ಹೋದೆ. ಮೆಡಿಕಲ್ ಅಂಗಡಿಯ ಯಜಮಾನರು ವಯಸ್ಸಾದ ಸಾಹೇಬರು. ಚೀಟಿ ಓದಿ, ಕನ್ನಡಕದ ಮೇಲಿಂದ ನೋಡಿ, ದನಿ ತಗ್ಗಿಸಿದರು. "ಇದು ಹೆಂಗಸರ ಮಾತ್ರೆ. ಮನೇಲಿ ಅಮ್ಮೋರಿಗಾ?"

ನಾಯಿಗೆ ಎನ್ನಬೇಕಿತ್ತು. "ಹೌದು, ಮನೆಯವಳಿಗೆ" ಎಂದೆ.

"ಹುಷಾರು. ಊಟ ಆದ ಮೇಲೆ ತಗೊಳಕ್ಕೆ ಹೇಳು. ವಾಂತಿ ಬಂದ ಹಂಗಾದ್ರೆ ಹೆದರೋದು ಬೇಡ. ಡಾಕ್ಟರ್ ಹೇಳಿದ್ದಕ್ಕಿಂತ ಒಂದೂ ಜಾಸ್ತಿ ಬೇಡ, ರಕ್ತಕ್ಕೆ ಒಳ್ಳೇದಲ್ಲ. ಕೆಲಸ ಜಾಸ್ತಿ ಕೊಡ್ಬೇಡಪ್ಪ ಅವರಿಗೆ."

"ಕೊಡಲ್ಲ" ಎಂದೆ. ಪೊಟ್ಟಣ ಜೇಬಿಗೆ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಅವರ ಮಾತನ್ನು ಒಂದೊಂದಾಗಿ ನೆನಪಿಟ್ಟುಕೊಂಡು ನಡೆದೆ, ಮನೆಗೆ ಹೋಗಿ ಅವಳಿಗೆ ಹೇಳಬೇಕು ಎನ್ನುವ ಹಾಗೆ. ಬಸ್ ಹತ್ತಿದ ಮೇಲೆ ಎಚ್ಚರವಾಯಿತು.

ಐದು ದಿನ ದಿನಕ್ಕೊಂದು ಮಾತ್ರೆ, ರಾಗಿ ಮುದ್ದೆಯ ಚೂರಿನಲ್ಲಿ ಇಟ್ಟು. ಹಳೆಯ ಬಿದಿರು ತಟ್ಟೆಯನ್ನು ಇಟ್ಟಿಗೆಯ ಮೇಲೆ ಎತ್ತರಿಸಿ ಗೋಣಿ ಹಾಸಿದೆ. ಒದ್ದೆಯಾದರೆ ಕೆಳಗೆ ಇಳಿಯಲಿ, ಮೈಗೆ ಹತ್ತದಿರಲಿ ಎಂದು. ಗೋಣಿ ದಿನಾ ಒಗೆದು ಬಿಸಿಲಿಗೆ ಹಾಕುತ್ತಿದ್ದೆವು. ಮಲಗುವ ಮೊದಲು, ಎದ್ದ ತಕ್ಷಣ ಹೊರಗೆ ಕರೆದೊಯ್ಯುವುದು. ತೊಡೆ ತೊಳೆದು ಒಣಗಿಸಿ, ಡಾಕ್ಟರು ಕೊಟ್ಟ ಮುಲಾಮು. ಪುಸ್ತಕದಲ್ಲಿ ಬರೆಯುವುದು. ಮೊದಲ ಎರಡು ದಿನ ಒದ್ದೆ. ಮೂರನೇ ದಿನ ಅಂಗೈಯಷ್ಟು. ಐದನೇ ದಿನ ಗೋಣಿ ಒಣಗಿತ್ತು. ಆವತ್ತೇ ಹುಳು ನಾಲ್ಕನೇ ಜ್ವರದಿಂದ ಎದ್ದವು. ಅಕ್ಕ ಗೋಣಿಯನ್ನು ಎತ್ತಿ ಮೂಗಿಗೆ ಹಿಡಿದು ನೋಡಿದಳು. "ಭಾವನಿಗೆ ಹೇಳಿ ಕಳಿಸಲ್ಲ ಬಿಡು" ಎಂದಳು.

ಆಮೇಲೆ ವಾರಕ್ಕೊಂದು ಮಾತ್ರೆ. ಒಂದು ಸಲ ನಾನೇ ಹತ್ತು ದಿನಕ್ಕೆ ದೂಡಿ ನೋಡಿದೆ, ಮತ್ತೆ ಒದ್ದೆಯಾಯಿತು, ವಾರಕ್ಕೇ ನಿಲ್ಲಿಸಿದೆ. ಈಗ ಆ ಮಾತ್ರೆ ಬಿಟ್ಟು ಬೇರೆ ಕೊಡುತ್ತಾರಂತೆ. ಆ ಬೆಳೆ ಚೆನ್ನಾಗಿಯೇ ಬಂತು. ಗೂಡು ಕಟ್ಟಲೆಂದು ಹುಳು ಬಿಡುವ ಬಿದಿರು ಚಂದ್ರಿಕೆಗಳು ಗೂಡಿನಿಂದ ತುಂಬಿದವು. ಅಕ್ಕ ಮಂಚೇನಹಳ್ಳಿಗೆ ಹೊರಡುವಾಗ ನಾಯಿಯ ತಲೆಗೆ ಒಂದು ಸಲ ಮೊಟಕಿ, ಸವರಿ, ಬಸ್ ಹತ್ತಿದಳು. ನಾಯಿ ಇನ್ನೂ ನಾಲ್ಕು ವರ್ಷ ಬದುಕಿತು. ತನ್ನ ತಟ್ಟೆಯ ಮೇಲೆಯೇ ಮಲಗುತ್ತಿತ್ತು.

ನಾಯಿಗೆ ಮಾಡಿದ್ದನ್ನು ಡಾಕ್ಟರು ತಪ್ಪು ಎಂದರು, ತಿದ್ದಿಕೊಳ್ಳುವ ದಾರಿಯನ್ನೂ ತೋರಿಸಿದರು. ತಿದ್ದಿಕೊಂಡೆ. ಅವಳಿಗೆ ಮಾಡಿದ್ದನ್ನು ಸರಿ ಎಂದರು. ಸರಿ ಎಂದದ್ದನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಗೋಡೆ ಪಕ್ಕದ ನೆಲ ಬೆಳಿಗ್ಗೆ ಒಣಗಿರುತ್ತದೆ. ಅಲ್ಲಿ ಯಾರೂ ಮಲಗುವುದಿಲ್ಲ.